ಕೈಯಲ್ಲಿ ಒತ್ತಿ ನೋಡುವವರಿಗೆ ಹಾಸಿಗೆ ಇಲ್ಲ

ದಿಂಬಕ್ಕನ ಅಂಗಡಿಯಲ್ಲಿ ಹಾಸಿಗೆ ಕೊಳ್ಳಬೇಕಾದರೆ ಮೊದಲು ಅದರ ಮೇಲೆ ಮಲಗಬೇಕು. ಬಗ್ಗಿ, ಕೈಯಿಂದ ಎರಡು ಸಲ ಒತ್ತಿ, ಬಹಳ ತಿಳಿದವರಂತೆ ತುಟಿ ಮುಂದಕ್ಕೆ ತಂದು "ಚೆನ್ನಾಗಿದೆ, ರೇಟು ಹೇಳಿ" ಎನ್ನುವವರಿಗೆ ಅಲ್ಲಿ ಹಾಸಿಗೆ ಸಿಗುವುದಿಲ್ಲ.

"ರಾತ್ರಿ ಹೊತ್ತು ಕೈ ಒಂದೇ ಮಲಗುತ್ತಾ? ನೀವು ಎದ್ದು ಕೂತಿರ್ತೀರಾ?" ಎಂದು ಅವಳು ಕೇಳುತ್ತಾಳೆ.

ಹೀಗೆ ಕೇಳಿಸಿಕೊಂಡ ಮೇಲೆ ಕೆಲವರು ಹೊರಟುಹೋಗುತ್ತಾರೆ. ಉಳಿದವರು ಚಪ್ಪಲಿ ಬಿಟ್ಟು, ಅತ್ತಿತ್ತ ನೋಡಿ, ಎದೆಯ ಮೇಲೆ ಕೈ ಇಟ್ಟುಕೊಂಡು ಡಾಕ್ಟರ ಮುಂದೆ ಮಲಗಿದಂತೆ ಮಲಗುತ್ತಾರೆ. ದಿಂಬಕ್ಕ ಅಳತೆ ಟೇಪು ಹಿಡಿದು ಸುತ್ತು ಬರುತ್ತಾಳೆ. "ಪಕ್ಕಕ್ಕೆ ತಿರುಗಿ. ಮನೆಯವರು ಯಾವ ಕಡೆ ಮಲಗ್ತಾರೆ? ಸರಿ. ಜಗಳ ಆದಾಗ?" ಊರಿನ ಎಷ್ಟೋ ಗಂಡಸರು ಹೆಂಡತಿಗೂ ಹೇಳದ ಬೆನ್ನುನೋವನ್ನು ಅವಳಿಗೆ ಹೇಳಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮಗೆಲ್ಲ ಹಿರಿಯರು ಹೇಳಿಕೊಟ್ಟಿದ್ದಾರೆ. ಅವಳು ಅದನ್ನು ಒಪ್ಪುವುದಿಲ್ಲ. "ಆ ಗಾದೆ ಮಾಡಿದೋನು ರೆಡಿಮೇಡ್ ಹಾಸಿಗೆ ಮಾರ್ತಿದ್ದ ಅಂತ ಕಾಣುತ್ತೆ," ಎನ್ನುತ್ತಾಳೆ.

ನಾನು ಅವಳ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೇನೆ. ಇಲ್ಲಿಗೆ ಬರುವಾಗ ಮೊದಲ ಸಂಬಳದಲ್ಲಿ, ರಿಯಾಯಿತಿಯ ಆಸೆಗೆ ಬಿದ್ದು ಕೊಂಡಿದ್ದ ಒಂದು ಸ್ಪಂಜಿನ ಹಾಸಿಗೆಯನ್ನು ಹೊತ್ತು ತಂದೆ. ಮೆಟ್ಟಿಲಿಗೆ ದಾರಿ ಅಂಗಡಿಯ ಒಳಗಿಂದಲೇ. ದಬ್ಬಣ ಹಿಡಿದು ಹೊಲಿಯುತ್ತಿದ್ದ ನಾಲ್ಕು ಹೆಂಗಸರ ಕೈ ನಿಂತಿತು. ಹೋಟೆಲಿನಲ್ಲಿ ಕೂತು ಮನೆಯ ಬುತ್ತಿ ಬಿಚ್ಚಿದವನನ್ನು ಮಾಲೀಕ ನೋಡುವಂತೆ ದಿಂಬಕ್ಕ ನನ್ನನ್ನು ನೋಡಿದಳು. ಆಮೇಲೆ ಏನೂ ಆಗದವಳಂತೆ, "ಹುಷಾರು ತಮ್ಮಾ, ಗಾಳಿ ಬಂದರೆ ಹಾರಿಹೋಗುತ್ತೆ," ಎಂದಳು. ಅವತ್ತಿನಿಂದ ಈ ಬೀದಿಯಲ್ಲಿ ನನ್ನ ಹೆಸರು ಸ್ಪಂಜಪ್ಪ. ಅಪ್ಪ ಅಮ್ಮ ಬಹಳ ಯೋಚಿಸಿ ಇಟ್ಟ ಹೆಸರೊಂದಿದೆ. ಅದು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತದೆ.

ದಿಂಬಕ್ಕನ ಗಂಡನ ಮನೆತನದವರು ತಲೆತಲಾಂತರದಿಂದ ಹತ್ತಿ ಹಿಂಜುವವರು. ಮೀನಿನ ಮರಿಗೆ ಈಜು ಕಲಿಸಬೇಕೇ ಅನ್ನುತ್ತಾರಲ್ಲ, ಈ ಮನೆಯಲ್ಲಿ ಹುಟ್ಟಿದ ಮೀನಿಗೆ ನೀರೇ ಆಗುತ್ತಿರಲಿಲ್ಲ. ಅವಳ ಗಂಡ, ಅಂದರೆ ನಾನು ಭಾವ ಎನ್ನುವವರು, ಹತ್ತಿ ಕಂಡರೆ ಸೀನುತ್ತಾರೆ. ಒಂದೆರಡಲ್ಲ, ನಿಲ್ಲಿಸುವವರೆಗೆ. ನಿಲ್ಲಿಸಲು ಮನೆಯಿಂದ ಹೊರಗೆ ಕಳಿಸಬೇಕು. ಹಾಗೆ ಹೊರಗೆ ಹೋದವರು ಶಾಲೆಯ ವ್ಯಾನು ಓಡಿಸಲು ಸೇರಿಕೊಂಡರು. ಅವರ ತಾಯಿ, ಈಗ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಹೋಗಿಬರುವವರಿಗೆಲ್ಲ ಒಂದೊಂದು ಮಾತು ಹಾಕುವ ಅಜ್ಜಿ, ಇವತ್ತಿಗೂ ಹೇಳುತ್ತಾಳೆ: "ಮಗನ್ನ ಹೆತ್ತೆ ಅಂದ್ಕೊಂಡಿದ್ದೆ. ಹೆತ್ತಿದ್ದು ಬರೀ ಸೀನು."

ಕಸುಬು ಸೊಸೆಯ ಕೈಗೆ ಬಂತು. ಅವಳು ಮೊದಲ ಹಾಸಿಗೆ ಹೊಲಿದಾಗ ಮಾವ ಅದನ್ನು ಕೈಯಿಂದ ಒತ್ತಿ ನೋಡಿ, "ಭೇಷ್, ಇದರ ಮೇಲೆ ನಾನೇ ಮಲಗ್ತೀನಿ," ಎಂದರಂತೆ. ಮಲಗಿದರು. ಒಂದು ವಾರ ಮಲಗಿದರು. ಸೊಸೆಗೆ ಬೇಜಾರಾಗಬಾರದು ಎಂದು ಒಂದು ಮಾತೂ ಆಡಲಿಲ್ಲ. ನಡೆಯುವಾಗ ಮಾತ್ರ ಬಲಕ್ಕೆ ವಾಲುತ್ತಿದ್ದರು. ಅಜ್ಜಿ ಹೊಲಿಗೆ ಬಿಚ್ಚಿ ನೋಡಿದರೆ ಒಂದು ಕಡೆ ಹತ್ತಿಯೆಲ್ಲ ಗಂಟುಕಟ್ಟಿ ಕೂತಿತ್ತು. "ಮಾವನ್ನ ನೆಟ್ಟಗೆ ಮಾಡೋಕೆ ಮೂರು ಹಾಸಿಗೆ ಬೇಕಾಯ್ತು," ಎನ್ನುತ್ತಾಳೆ ದಿಂಬಕ್ಕ. ಮಲಗಿಯೇ ನೋಡಬೇಕೆಂಬ ನಿಯಮ ಹುಟ್ಟಿದ್ದು ಹಾಗೆ.

ನಿಯಮ ಗಟ್ಟಿಯಾಯಿತು, ಗಿರಾಕಿಗಳು ತೆಳುವಾದರು. ಬೀದಿಯ ಮೂಲೆಯಲ್ಲಿ ಗಾಜಿನ ಬಾಗಿಲಿನ ಸ್ಪಂಜಿನ ಅಂಗಡಿ ಬಂತು. ಅಲ್ಲಿ ಯಾರೂ ಮಲಗಬೇಕಾಗಿಲ್ಲ, ಹೆಂಡತಿ ಯಾವ ಕಡೆ ಎಂದು ಯಾರೂ ಕೇಳುವುದಿಲ್ಲ. ಹಾಸಿಗೆಯನ್ನು ಚಾಪೆಯಂತೆ ಸುತ್ತಿ ಕೈಗೆ ಕೊಡುತ್ತಾರೆ. ನಮ್ಮ ನಾಲ್ಕು ಹೆಂಗಸರು ಹಾಸಿಗೆ ಬಿಟ್ಟು ದಿಂಬು ಹೊಲಿದರು, ದಿಂಬು ಬಿಟ್ಟು ಕುರ್ಚಿಯ ಮೆತ್ತೆ ಹೊಲಿದರು. ಸ್ಪಂಜಿನ ಅಂಗಡಿಯವನು ಒಂದು ದಿನ ನಗುತ್ತಾ ಬಂದು, "ಅಕ್ಕಾ, ಯಾಕೆ ಕಷ್ಟಪಡ್ತೀರ? ಜಾಗ ನನಗೆ ಗೋಡೌನಿಗೆ ಕೊಡಿ. ಮೇಲಿನ ಕೋಣೆಯೂ ಸೇರಿಸಿ," ಎಂದ. ಹಾಗಾದರೆ ಮೊದಲು ಬೀದಿಗೆ ಬೀಳುವವನು ನಾನು. ನನ್ನ ಹಾಸಿಗೆಗೆ ಮಾತ್ರ ನೆಂಟರಿಷ್ಟರು ಬಂದು ಸೇರಿದಂತಾಗುತ್ತದೆ.

ದಿಂಬಕ್ಕ ಸಂಘಗಳ ಬಾಗಿಲು ತಟ್ಟಿದಳು. ಮಹಿಳಾ ಉದ್ಯಮಿಗಳ ಸಂಘದ ಅಧ್ಯಕ್ಷೆ, ಬೇಕರಿ ನಡೆಸುವ ಮೇಡಂ, ಬಹಳ ಪ್ರೀತಿಯಿಂದ ಕೂರಿಸಿ, "ನಿಮ್ಮ ಜನರದ್ದೇ ಒಂದು ಸಂಘ ಇದೆಯಲ್ವಾ? ಅಲ್ಲಿ ನಿಮಗೆ ಹೆಚ್ಚು ಅನುಕೂಲ," ಎಂದರು. ದಿಂಬಕ್ಕನ ಜನ ಈ ಊರಿನಲ್ಲಿ ಕಡಿಮೆ. ಅವರಂಥವರಿಗಾಗಿಯೇ ಅಲ್ಪಸಂಖ್ಯಾತ ವ್ಯಾಪಾರಿಗಳ ಸಂಘವಿತ್ತು. ಅದರ ಕಾರ್ಯದರ್ಶಿಗೆ ಕನ್ನಡಕದ ಅಂಗಡಿ. ಅವರು ಎದುರಿಗಿದ್ದವರ ಕನ್ನಡಕವನ್ನು ಕೇಳದೆ ತೆಗೆದು ಒರೆಸಿಕೊಡುವಷ್ಟು ಒಳ್ಳೆಯವರು. "ನೀನು ನಮ್ಮ ಮನೆ ಮಗಳಿದ್ದ ಹಾಗಮ್ಮಾ," ಎಂದರು. "ಆದರೆ ಹೆಂಗಸರಿಗೆ ಅಂತಾನೇ ಬೇರೆ ಸಂಘ ಇದೆ. ಅಲ್ಲಿ ಕೇಕ್ ಕೂಡ ಕೊಡ್ತಾರೆ."

ದಿಂಬಕ್ಕ ಮನೆಗೆ ಬಂದು ಅತ್ತೆಗೆ ವರದಿ ಒಪ್ಪಿಸಿದಳು. "ಅಲ್ಲಿ ಹೋದರೆ ನಾನು ಹೆಂಗಸಲ್ಲ, ಇಲ್ಲಿ ಹೋದರೆ ನಾನು ಹೆಂಗಸು."

"ಕೇಕ್ ಕೊಟ್ರಾ?" ಎಂದಳು ಅಜ್ಜಿ.

ಇದೇ ಹೊತ್ತಿಗೆ ನನಗೆ ಈಗಿನ ಹೊಸ ಕೆಲಸ ಸಿಕ್ಕಿದ್ದು. ಊರಿನ ದೊಡ್ಡ ವರ್ತಕರ ಸಂಘ, ಮಹಿಳೆಯರ ಸಂಘ, ಅಲ್ಪಸಂಖ್ಯಾತರ ಸಂಘ ಮೂರೂ ಕೂಡಿ ಕೆಲಸ ಮಾಡುವುದೆಂದು ತೀರ್ಮಾನವಾಗಿ, ಕೂಡಿಸಲು ಒಬ್ಬ ಸಂಯೋಜಕ ಬೇಕಾಗಿದ್ದ. ಸಂಯೋಜಕ ಎಂದರೆ ಏನೆಂದು ನನಗೆ ತಿಳಿದದ್ದು ಸೇರಿದ ಮೇಲೆ. ಮೂರು ಸಂಘಗಳೂ ಕಚೇರಿಗೆ ಒಂದೊಂದು ಕುರ್ಚಿ ಕೊಟ್ಟಿದ್ದವು. ಮೂರೂ ಬೇರೆ ಬೇರೆ ಎತ್ತರ. ಎತ್ತರದ ಕುರ್ಚಿಯಲ್ಲಿ ಒಬ್ಬರು ಕೂತರೆ ಉಳಿದಿಬ್ಬರಿಗೆ ಕೂಡಲೇ ಬೇರೆ ಕೆಲಸ ನೆನಪಾಗುತ್ತಿತ್ತು. ಹಲಗೆ ತುಂಡು, ರಟ್ಟು ಇಟ್ಟು ಮೂರನ್ನೂ ಒಂದೇ ಮಟ್ಟಕ್ಕೆ ತಂದದ್ದು ನನ್ನ ವೃತ್ತಿಜೀವನದ ಮೊದಲ ಸಾಧನೆ. ನಾಲ್ಕನೇ ಕುರ್ಚಿ ಇರಲಿಲ್ಲ, ನಾನು ನಿಂತಿರುತ್ತಿದ್ದೆ. ಇದರ ಜೊತೆಗೆ ಅಂಗಡಿಯೊಳಗಿಂದ ಹಾದು ಬರುವುದರಿಂದ ನನ್ನ ತಲೆತುಂಬ ಹತ್ತಿ. ಮೇಡಂ ಮೊದಲ ದಿನವೇ, "ಪಾಪ, ಇಷ್ಟು ಚಿಕ್ಕ ವಯಸ್ಸಿಗೇ ನರೆತಿದೆ, ಮನೆಯಲ್ಲಿ ಏನು ಚಿಂತೆಯೋ," ಎಂದು ಎರಡು ಬನ್ನು ಕೊಟ್ಟರು. ಬನ್ನು ಚೆನ್ನಾಗಿತ್ತು. ಹತ್ತಿಯನ್ನು ಕೊಡವದೆ ಹೋಗುವುದು ರೂಢಿಯಾಯಿತು.

ವರ್ತಕರ ಸಂಘದ ಅಧ್ಯಕ್ಷರು ಬಸ್ ನಿಲ್ದಾಣದ ಎದುರಿಗೆ ಹೊಸ ಲಾಡ್ಜ್ ಕಟ್ಟಿಸುತ್ತಿದ್ದರು. ಎಲ್ಲ ಕೋಣೆಗಳಿಗೂ ಹಾಸಿಗೆ ಬೇಕಿತ್ತು. ಸ್ಪಂಜಿನ ಅಂಗಡಿಯವನ ಜೊತೆ ಮಾತು ಮುಕ್ಕಾಲು ಮುಗಿದಿತ್ತು. ಆದರೆ ಮೂರು ಸಂಘಗಳು ಸಹಿ ಹಾಕಲಿದ್ದ ಒಪ್ಪಂದದ ಮೊದಲ ಮಾತೇ ಇದು: ಏನಾದರೂ ಕೊಳ್ಳುವ ಮೊದಲು ಜೊತೆಯ ಸಂಘಗಳ ಕೈಕಸುಬಿನವರ ಸರಕನ್ನು ಒಮ್ಮೆ ನೋಡಬೇಕು. ನಾನು ದಿಂಬಕ್ಕನ ಹೆಸರು ಹೇಳಿದೆ, ಯಾವ ಸಂಘದವಳು ಎಂದು ಯಾರೂ ಕೇಳಲಿಲ್ಲ. ಈ ಆರ್ಡರ್ ಸಿಕ್ಕರೆ ಅಂಗಡಿ ಉಳಿಯುತ್ತದೆ, ಸಿಗದಿದ್ದರೆ ಗೋಡೌನು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಧ್ಯಕ್ಷರು ಅಂಗಡಿಗೆ ಬಂದರು. ಇಸ್ತ್ರಿಯ ಗೆರೆ ಮುರಿಯದಂತೆ ಬಗ್ಗಿದರು. ಹಾಸಿಗೆಯನ್ನು ಕೈಯಿಂದ ಎರಡು ಸಲ ಒತ್ತಿದರು.

ನಾನು ಕಣ್ಣು ಮುಚ್ಚಿಕೊಂಡೆ.

"ರಾತ್ರಿ ಹೊತ್ತು ಕೈ ಒಂದೇ ಮಲಗುತ್ತಾ ಸಾರ್?" ಎಂದಳು ದಿಂಬಕ್ಕ.

"ನಾನು ಎಲ್ಲಮ್ಮಾ ಮಲಗ್ತೀನಿ? ಮಲಗೋರು ಲಾಡ್ಜಿಗೆ ಬರೋರು."

"ಹಾಗಿದ್ರೆ ಅವರನ್ನೇ ಕಳ್ಸಿ."

ಅಧ್ಯಕ್ಷರು ಕೆಂಪಗಾಗಿ ಹೊರಗೆ ನಡೆದರು. ನಾನು ಹಿಂದೆ ಓಡಿದೆ. ನಾಲ್ಕು ಹೆಜ್ಜೆ ಹೋಗಿ ನಿಂತು, ಸುತ್ತ ನೋಡಿ, ಅವರು ತಗ್ಗಿದ ದನಿಯಲ್ಲಿ ಹೇಳಿದರು: "ಮಲಗಿ ನೋಡೋಕೆ ನನಗೇನೂ ಇಲ್ಲಪ್ಪಾ. ನನಗೂ ಬೆನ್ನು ನೋವೇ. ಆದರೆ ಅಷ್ಟು ಜನ ಹೆಂಗಸರು ಸೂಜಿ ಹಿಡ್ಕೊಂಡು ಕೂತಿರೋವಾಗ ಮಧ್ಯದಲ್ಲಿ ಹೋಗಿ ಹೇಗೆ ಮಲಗೋದು?"

ನನ್ನೊಳಗಿನ ಸಂಯೋಜಕ ಎಚ್ಚೆತ್ತ. ಒಪ್ಪಂದಕ್ಕೆ ಸಹಿ ಹಾಕುವ ಸಮಾರಂಭ ಆ ಭಾನುವಾರ ಮಧ್ಯಾಹ್ನ ಇತ್ತು. ಸಭಾಂಗಣದ ವೇದಿಕೆಯ ಹಿಂದೆ ಹಳೆಯ ಬ್ಯಾನರು, ಕೆಟ್ಟ ಮೈಕು ತುಂಬಿದ ಕೋಣೆಯೊಂದಿದೆ. ಅಲ್ಲಿ ಒಂದು ಹಾಸಿಗೆ ಹಾಕಿಸಿಡುತ್ತೇನೆ, ಅಧ್ಯಕ್ಷರು ಒಂದು ಗಂಟೆ ಮೊದಲು ಬಂದು ಯಾರಿಗೂ ಕಾಣದಂತೆ ಮಲಗಿ ನೋಡಿ, ಎದ್ದು, ಬಟ್ಟೆ ಸರಿಮಾಡಿಕೊಂಡು ವೇದಿಕೆಗೆ ಬರುವುದು. "ತಲೆ ಇದೆ ನಿನಗೆ," ಎಂದರು ಅಧ್ಯಕ್ಷರು. ಇದನ್ನು ಯಾರಾದರೂ ಹೇಳಲಿ ಎಂದು ನಾನು ಬಹಳ ವರ್ಷಗಳಿಂದ ಕಾಯುತ್ತಿದ್ದೆ.

ಭಾನುವಾರ ಹಾಸಿಗೆಯ ಜೊತೆಗೆ ದಿಂಬಕ್ಕನೂ ಅಜ್ಜಿಯೂ ಬಂದು ಆ ಕೋಣೆಯಲ್ಲಿ ಕಾದಿದ್ದರು. ಅಧ್ಯಕ್ಷರು ಹೇಳಿದ ಹೊತ್ತಿಗೆ ಬಂದರು. ಷೂ ಬಿಚ್ಚಿದರು. ಎಡಗಾಲಿನ ಕಾಲ್ಚೀಲದಿಂದ ಹೆಬ್ಬೆರಳು ಹೊರಗೆ ಇಣುಕಿತು. ಎಲ್ಲರೂ ಬೇರೆ ಕಡೆ ನೋಡಿದೆವು, ಅಜ್ಜಿಯೊಬ್ಬಳನ್ನು ಬಿಟ್ಟು.

"ಎಷ್ಟು ಹೊತ್ತು ಮಲಗಬೇಕು?"

"ಮೈಗೆ ಹೊಂದೋವರೆಗೂ," ಎಂದು ದಿಂಬಕ್ಕ ಟೇಪು ಬಿಚ್ಚಿದಳು. "ಸಾರ್, ಯಾವ ಪಕ್ಕಕ್ಕೆ ತಿರುಗಿ ಮಲಗೋ ಅಭ್ಯಾಸ?"

ಅಧ್ಯಕ್ಷರ ಬಾಯಿ ನಿಧಾನವಾಗಿ ತೆರೆದುಕೊಂಡಿತು. ಆಮೇಲೆ ಬಹಳ ದೂರದಿಂದ ಲಾರಿಯೊಂದು ದಿಬ್ಬ ಹತ್ತುವಂಥ ಸದ್ದು ಶುರುವಾಯಿತು.

ಐದು ನಿಮಿಷ ಬಿಟ್ಟು ಎಬ್ಬಿಸಿದರಾಯಿತು ಎಂದು ನಾನು ಹೊರಗೆ ವೇದಿಕೆಯ ಕುರ್ಚಿಗಳಿಗೆ ರಟ್ಟು ಇಡಲು ಹೋದೆ. ವಾಪಸ್ ಬಂದರೆ ಲಾರಿ ಇನ್ನೂ ದಿಬ್ಬ ಹತ್ತುತ್ತಿತ್ತು. ಜನ ಬಂದರು. ಮೇಡಂ ಬಂದರು, ಕಾರ್ಯದರ್ಶಿ ಬಂದರು. ಲಾರಿ ಹತ್ತುತ್ತಲೇ ಇತ್ತು.

"ಅಕ್ಕಾ, ಎಬ್ಬಿಸಿ!"

"ಮಲಗಿದ ಗಿರಾಕೀನ ಎಬ್ಬಿಸೋ ಪದ್ಧತಿ ನಮ್ಮಲ್ಲಿಲ್ಲ."

"ಅಕ್ಕಾ, ಹೊರಗೆ ಸಭೆ ಕಾಯ್ತಾ ಇದೆ!"

"ಸಭೇಲಿ ಕೂತ್ಕೊಂಡು ಮಲಗೋ ಬದಲು ಇಲ್ಲೇ ನೆಟ್ಟಗೆ ಮಲಗ್ಲಿ ಬಿಡು." ಆಮೇಲೆ ದನಿ ತಗ್ಗಿಸಿ ಹೇಳಿದಳು, "ತಮ್ಮಾ, ಅರ್ಧ ನಿದ್ದೇಲಿ ಎಬ್ಬಿಸಿದ್ರೆ ಆ ಸಿಟ್ಟೆಲ್ಲ ಹಾಸಿಗೆ ಮೇಲೆ ಬರುತ್ತೆ. ಆರ್ಡರ್ ಹೋದ ಹಾಗೇ. ನನ್ನ ಹೊಟ್ಟೆ ಮೇಲೆ ಹೊಡೀಬೇಡ." ಇಷ್ಟು ದಿನದಲ್ಲಿ ಅವಳು ಬೇಡಿಕೊಂಡದ್ದನ್ನು ನಾನು ಕೇಳಿದ್ದು ಆಗ ಮಾತ್ರ.

ಅಜ್ಜಿ ಹಳೆಯ ಬ್ಯಾನರಿನ ತುಂಡೊಂದರಿಂದ ಅಧ್ಯಕ್ಷರಿಗೆ ಗಾಳಿ ಹಾಕುತ್ತಿದ್ದಳು. "ಪಾಪ, ಎಷ್ಟು ವರ್ಷದ ನಿದ್ದೆ ಬಾಕಿ ಇತ್ತೋ," ಎಂದಳು.

ನಾನು ಹೊರಗೆ ಹೋಗಿ ಮೇಡಂ ಕಿವಿಯಲ್ಲಿ, ಅಧ್ಯಕ್ಷರಿಗೆ ಯಾರೋ ದೊಡ್ಡವರ ಫೋನು ಬಂದಿದೆ ಎಂದೆ. ಇನ್ನೊಂದು ಪಕ್ಕಕ್ಕೆ ಹೋಗಿ ಕಾರ್ಯದರ್ಶಿಯ ಕಿವಿಯಲ್ಲಿ, ಅಧ್ಯಕ್ಷರ ಹೊಟ್ಟೆ ಸರಿಯಿಲ್ಲ ಎಂದೆ. ಸುಳ್ಳು ಹೇಳುವುದರಲ್ಲೂ ಎರಡು ಸಂಘಗಳಿಗೆ ಸಮಪಾಲು ಸಿಗಲಿ ಎಂದು ನನಗೇಕೆ ಅನ್ನಿಸಿತೋ ಗೊತ್ತಿಲ್ಲ. ಇಬ್ಬರೂ ಅಕ್ಕಪಕ್ಕದಲ್ಲೇ ಕೂತಿದ್ದರು. ಮೂರು ಕುರ್ಚಿಯನ್ನೂ ಹತ್ತಿರ ಹತ್ತಿರ ಹಾಕಿದವನು ನಾನೇ.

"ಹೊಟ್ಟೆ ಸರಿಯಿಲ್ಲದೋರು ಅಷ್ಟು ಹೊತ್ತು ಫೋನಲ್ಲಿ ಮಾತಾಡ್ತಾರಾ?" ಎಂದರು ಮೇಡಂ.

"ಅಥವಾ ಫೋನ್ ಬಂದಮೇಲೆ ಹೊಟ್ಟೆ ಕೆಟ್ಟಿರಬೇಕು," ಎಂದು ಕಾರ್ಯದರ್ಶಿ ತಮ್ಮ ಕನ್ನಡಕ ಒರೆಸಿದರು. ಒರೆಸಿದಷ್ಟೂ ಅವರ ಮುಖ ಬಿಗಿಯಾಯಿತು. "ಮೇಡಂ, ಇದು ಬೇರೆಯೇ ಇದೆ. ಕೊನೇ ಗಳಿಗೇಲಿ ಕೈ ಕೊಡ್ತಿದ್ದಾರೆ."

"ನಮ್ಮನ್ನ ಕರೆದು ಕುರ್ಚಿಗೆ ಅಂಟಿಸಿ, ಒಳಗೆ ಬೇರೆ ಯಾರ ಜೊತೆಗೋ ಮಾತುಕತೆ! ನೋಡೇ ಬಿಡೋಣ ಬನ್ನಿ."

ನಾನು ಬಾಗಿಲಿಗೆ ಅಡ್ಡ ನಿಂತೆ. ನಾನು ಅಡ್ಡ ನಿಂತರೆ ಎಷ್ಟು ಹೊತ್ತು? ಸ್ಪಂಜಪ್ಪ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಇಬ್ಬರೂ ನನ್ನನ್ನು ಒತ್ತಿಕೊಂಡು ಒಳಗೆ ನುಗ್ಗಿ, ಅಲ್ಲೇ ನಿಂತುಬಿಟ್ಟರು.

ಕಿಟಕಿಯ ಬಿಸಿಲು ಅಧ್ಯಕ್ಷರ ಹೆಬ್ಬೆರಳಿನ ಮೇಲೆ ಬಿದ್ದಿತ್ತು. ಕಾಲು ಮಡಚಿ, ಎರಡೂ ಕೈಯನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡು, ಸಭೆಯಲ್ಲಿ ಮೇಜು ಗುದ್ದುವ ಆ ಮನುಷ್ಯ ಮಗುವಿನಂತೆ ಮಲಗಿದ್ದರು.

"ಶ್!" ಎಂದಳು ಅಜ್ಜಿ.

ಮೇಡಂ ಬಗ್ಗಿ ನೋಡಿ ಪಿಸುದನಿಯಲ್ಲಿ, "ಏನು ಹಾಸಿಗೆ ರೀ ಇದು!" ಎಂದರು. ಮರುಕ್ಷಣವೇ ದನಿಯಲ್ಲಿ ಹೆಮ್ಮೆ ಬಂತು. "ನಮ್ಮ ಸಂಘದ ಮಹಿಳೆ ಮಾಡಿದ್ದು."

"ಕ್ಷಮಿಸಿ ಮೇಡಂ," ಎಂದು ಕಾರ್ಯದರ್ಶಿ ಇನ್ನೂ ಸಣ್ಣ ದನಿಯಲ್ಲಿ, "ಇವರು ಮೊದಲಿಂದ ನಮ್ಮವರು."

"ಹೆಂಗಸಲ್ವಾ ಇವರು?"

"ಹೆಂಗಸೇ. ಆದರೆ ನಮ್ಮ ಹೆಂಗಸು."

ಊರಿನ ಎರಡು ಸಂಘಗಳು ಪಿಸುಪಿಸು ಎಂದು ಜಗಳವಾಡುವುದನ್ನು ನಾನು ಮೊದಲ ಬಾರಿ ಕೇಳಿದೆ. ದಿಂಬಕ್ಕ ಇಬ್ಬರ ನಡುವೆ ನಿಂತಳು. "ಆವತ್ತು ಎರಡೂ ಮನೆಯೋರು ಬಾಗಿಲು ತೋರಿಸಿದ್ರಿ. ಇವತ್ತು ಎರಡೂ ಮನೆಗೆ ನಾನೇ ಮಗಳಾ? ಜಗಳ ಆಡೋದಾದ್ರೆ ಹೊರಗೆ ಹೋಗಿ. ಗಿರಾಕಿ ಎದ್ದುಬಿಡ್ತಾರೆ."

ಗಿರಾಕಿ ಎದ್ದರು. ವೇದಿಕೆಯಲ್ಲಿ ಯಾರೋ ಮೈಕು ಹಿಡಿದು "ಹಲೋ, ಹಲೋ" ಎಂದದ್ದೇ ತಡ, ಅಧ್ಯಕ್ಷರು ಕಣ್ಣು ಬಿಟ್ಟರು. ತಮ್ಮ ಮೇಲೆ ಬಗ್ಗಿದ್ದ ಅಷ್ಟೂ ಮುಖಗಳನ್ನು ನೋಡಿ, "ಏನಾಯ್ತು ನನಗೆ? ಮನೆಗೆ ಹೇಳಿದ್ರಾ?" ಎಂದರು. ಎದ್ದು ಕೂತರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಬೆನ್ನಿನ ಹಿಂದೆ ಕೈ ಹಾಕಿ ಮುಟ್ಟಿ ನೋಡಿಕೊಂಡರು. "ನೋವಿಲ್ಲ," ಎಂದರು, ಏನೋ ಕಳೆದುಕೊಂಡವರಂತೆ. ನಾವೆಲ್ಲ ನಕ್ಕೆವು. ಗೆದ್ದೆವು ಎಂದುಕೊಂಡೆ.

ಅಧ್ಯಕ್ಷರು ಗಡಿಯಾರ ನೋಡಿದರು. ಮುಖದ ಬಣ್ಣ ಬದಲಾಯಿತು.

"ಈ ಹಾಸಿಗೆ ನನ್ನ ಲಾಡ್ಜಿಗೆ ಬೇಡ."

ದಿಂಬಕ್ಕನ ನಗು ಹಾಗೇ ನಿಂತಿತು. "ಯಾಕೆ ಸಾರ್? ಚೆನ್ನಾಗಿಲ್ವಾ?"

"ಚೆನ್ನಾಗಿದೆ, ಅದೇ ತೊಂದರೆ! ನನ್ನ ಲಾಡ್ಜ್ ಇರೋದು ಬಸ್ ನಿಲ್ದಾಣದ ಮುಂದೆ. ಬರೋರೆಲ್ಲ ಬೆಳಗಿನ ಬಸ್ಸು ಹಿಡಿಯೋರು. ನನ್ನಂಥ ನಾನೇ ಸಭೆ ಬಿಟ್ಟು ಮಲಗಿದೆ. ಇನ್ನು ಅವರು ಏಳ್ತಾರಾ? ಬಸ್ಸು ತಪ್ಪಿದರೆ ಬಂದು ನನ್ನ ಕುತ್ತಿಗೆ ಪಟ್ಟಿ ಹಿಡೀತಾರೆ. ಕೋಣೆ ಖಾಲಿ ಆಗಲ್ಲ, ಮುಂದಿನ ಗಿರಾಕಿ ಬಾಗಿಲಲ್ಲಿ ನಿಂತಿರ್ತಾನೆ." ಸ್ವಲ್ಪ ಯೋಚಿಸಿ, ಬಹಳ ನ್ಯಾಯವಾದ ಮಾತಾಡುವವರಂತೆ ಕೇಳಿದರು: "ಇದನ್ನೇ ಸ್ವಲ್ಪ ಕಡಿಮೆ ಚೆನ್ನಾಗಿ ಮಾಡಿಕೊಡೋಕಾಗುತ್ತಾ?"

ಹೂಂ ಅನ್ನು ಅಕ್ಕಾ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹತ್ತಿಯಲ್ಲಿ ಎರಡು ಗಂಟು ಬಿಟ್ಟರೆ ಮುಗಿಯಿತು. ಅಂಗಡಿ ಉಳಿಯುತ್ತದೆ, ನನ್ನ ಕೋಣೆ ಉಳಿಯುತ್ತದೆ. ಅವಳು ಟೇಪನ್ನು ನಿಧಾನವಾಗಿ ಸುತ್ತಿದಳು. ಬಲಕ್ಕೆ ವಾಲಿ ನಡೆಯುತ್ತಿದ್ದ ಮಾವ ನೆನಪಾದರೋ ಏನೋ.

"ಅಂಥದ್ದು ಮೂಲೆ ಅಂಗಡೀಲಿ ಸಿಗುತ್ತೆ ಸಾರ್. ಸುತ್ತಿ ಕೈಗೆ ಕೊಡ್ತಾರೆ."

ಹೇಳಿದವಳೇ ಹಾಸಿಗೆಯ ತುದಿ ಹಿಡಿದು, "ಅತ್ತೇ, ಆ ಕಡೆ ಹಿಡೀರಿ, ಹೋಗೋಣ," ಎಂದಳು. ಅಧ್ಯಕ್ಷರು ಇನ್ನೂ ಅದರ ಮೇಲೆಯೇ ಕೂತಿದ್ದರು.

ಆಗ ಮೇಡಂ ಕಾರ್ಯದರ್ಶಿಯ ಮುಖ ನೋಡಿದರು, ಕಾರ್ಯದರ್ಶಿ ಮೇಡಂ ಮುಖ ನೋಡಿದರು. ನಾನು ತಿಂಗಳುಗಟ್ಟಲೆ ರಟ್ಟು ಇಟ್ಟು ಮಾಡಲಾಗದ್ದು ಆ ಒಂದು ನೋಟದಲ್ಲಿ ಆಗಿಹೋಯಿತು.

"ಹಾಸಿಗೆ ಹೊರಗೆ ಹೋದರೆ ನಾವೂ ಹೋಗ್ತೀವಿ," ಎಂದರು ಮೇಡಂ.

"ನಾವೂ," ಎಂದರು ಕಾರ್ಯದರ್ಶಿ. "ಚೆನ್ನಾಗಿದೆ ಅಂತ ಬೇಡ ಅನ್ನೋ ಜೊತೆಗಾರಿಕೆ ನಮಗೆ ಬೇಡ. ಹೊರಗೆ ಫೋಟೋದವರು ಕಾಯ್ತಿದ್ದಾರೆ. ಬೇಕಾದರೆ ಒಳಗೇ ಕರೀತೀವಿ. ಮೊದಲು ಕಾಲ್ಚೀಲ ಸರಿ ಮಾಡ್ಕೊಳ್ಳಿ."

ಅಧ್ಯಕ್ಷರು ಹೆಬ್ಬೆರಳನ್ನು ಒಳಗೆ ಎಳೆದುಕೊಂಡರು. "ಆಯ್ತಪ್ಪಾ, ತಗೋತೀನಿ! ಆದರೆ ಬೆಳಗಿನ ಬಸ್ಸಿನೋರನ್ನ ಎಬ್ಬಿಸೋರು ಯಾರು? ಗಂಟೆ ಹೊಡೆದರೆ ಏಳಲ್ಲ. ಬಾಗಿಲು ಬಡೀಬೇಕು. ಒಪ್ಪಂದ ಮೂರು ಸಂಘದ್ದು ಅಂದಮೇಲೆ ಈ ಜವಾಬ್ದಾರೀನೂ ಮೂರು ಸಂಘದ್ದೇ. ಹೇಳಿ, ಯಾರು?"

ಮೂರು ಸಂಘಗಳಿಗೂ ಸೇರಿದ, ಯಾವುದಕ್ಕೂ ಸೇರದ ಒಂದೇ ಒಂದು ಪ್ರಾಣಿ ಆ ಕೋಣೆಯಲ್ಲಿತ್ತು. ಎಲ್ಲರೂ ಒಟ್ಟಿಗೆ ಅದರ ಕಡೆ ತಿರುಗಿದರು. ಅಜ್ಜಿ ಕೂಡ.

ಈಗ ಒಪ್ಪಂದದ ಕೊನೆಯಲ್ಲಿ ಕೈಬರಹದ ಒಂದು ಸಾಲಿದೆ. ಉಳಿದ ಸಾಲುಗಳು ಏನಾದವೋ ನನಗೆ ತಿಳಿಯದು, ಆ ಸಾಲು ಮಾತ್ರ ಪ್ರತಿದಿನ ಜಾರಿಯಾಗುತ್ತದೆ. ಕೋಳಿ ಕೂಗುವ ಮೊದಲು ನಾನು ಲಾಡ್ಜಿನ ಮೆಟ್ಟಿಲು ಹತ್ತಿ ಕೋಣೆ ಕೋಣೆಯ ಬಾಗಿಲು ಬಡಿಯುತ್ತೇನೆ. ಒಳಗಿನಿಂದ ನನ್ನ ವಂಶದ ಹಿರಿಯರನ್ನೆಲ್ಲ ನೆನೆಯುವ ದನಿಗಳು ಬರುತ್ತವೆ. ಒಬ್ಬರಂತೂ ಬಾಗಿಲು ತೆರೆಯದೆಯೇ, "ಬಸ್ಸಿಗೆ ಹೇಳಪ್ಪಾ, ನಾನು ನಾಳೆ ಬರ್ತೀನಿ," ಎಂದರು. ಇತ್ತ ನಮ್ಮ ಬೀದಿಯಲ್ಲಿ ಹತ್ತಿ ಹಿಂಜುವ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಓಡುತ್ತದೆ. ನಾಲ್ಕು ಹೆಂಗಸರು ಆರಾಗಿದ್ದಾರೆ. ಭಾವ ಈಗ ಬೀದಿಯ ತಿರುವಿನಿಂದಲೇ ಸೀನಲು ಶುರುಮಾಡುತ್ತಾರೆ.

ಮೊನ್ನೆ ನಾನು ಧೈರ್ಯ ಮಾಡಿ ದಿಂಬಕ್ಕನ ಮುಂದೆ ನಿಂತೆ. ಸ್ಪಂಜು ನಡುವಿನಲ್ಲಿ ತಟ್ಟೆಯಂತೆ ಕುಗ್ಗಿಹೋಗಿತ್ತು, ನನ್ನ ಬೆನ್ನೂ ಅದರ ಜೊತೆಗೆ. "ಅಕ್ಕಾ, ನನಗೂ ಒಂದು ಹಾಸಿಗೆ ಮಾಡಿಕೊಡು. ಬೇಕಾದರೆ ಈಗಲೇ ಮಲಗ್ತೀನಿ, ಅಳತೆ ತಗೋ," ಎಂದು ಚಪ್ಪಲಿ ಬಿಟ್ಟೆ.

ಅವಳು ದಬ್ಬಣವನ್ನು ಗವಸಿಗೆ ಚುಚ್ಚಿ ನಿಲ್ಲಿಸಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಷ್ಟು ಪ್ರೀತಿಯಿಂದ ಅವಳು ನನ್ನನ್ನು ಹಿಂದೆ ನೋಡಿರಲಿಲ್ಲ.

"ಬೇಡ ತಮ್ಮಾ," ಎಂದಳು. "ನೀನು ಮಲಗಿಬಿಟ್ರೆ ಅಷ್ಟೂ ಕೋಣೆಯೋರ ಬಸ್ಸು ಹೋಗುತ್ತೆ, ಆಮೇಲೆ ನನ್ನ ಆರ್ಡರೂ ಹೋಗುತ್ತೆ. ನಿನಗೆ ಆ ಸ್ಪಂಜೇ ಇರ್ಲಿ."

ಚಪ್ಪಲಿ ಮೆಟ್ಟಿಕೊಂಡು ಮೇಲೆ ಹೋದೆ.